ಊರಿನ ಸುರಕ್ಷತೆಗೆ ಪಾಲುದಾರರು ಯಾರು?

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಕರ್ಕ್‌ಹೋಲ್ಟ್ ಎಂಬ ಬಡಾವಣೆ ಇದೆ. ಸ್ಥಳೀಯ ಸಂಸ್ಥೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ಎರಡು ಸಾವಿರಕ್ಕೂ ಹೆಚ್ಚು ಮನೆಗಳಿದ್ದ ಈ ಬಡಾವಣೆ 1980ರ ದಶಕದಲ್ಲಿ ಮನೆಗಳ್ಳತನಕ್ಕೆ ಕುಖ್ಯಾತವಾಗಿತ್ತು. ಇಂಥ ಕಡೆ ಜನ ಸಾಮಾನ್ಯವಾಗಿ ಕೇಳುವುದು ಒಂದೇ: ಗಸ್ತು ಹೆಚ್ಚಿಸಿ. ಅಲ್ಲಿನ ಪೊಲೀಸರು, ಜೈಲಿನ ಹೊರಗಿರುವ ಅಪರಾಧಿಗಳ ಮೇಲ್ವಿಚಾರಣೆ ಮಾಡುವ ಪ್ರೊಬೇಷನ್ ಅಧಿಕಾರಿಗಳು ಮತ್ತು ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ದಾರಿ ಹಿಡಿದರು. ಕಳವಾದ ಮನೆಯವರನ್ನು, ಅವರ ನೆರೆಯವರನ್ನು, ಸಿಕ್ಕಿಬಿದ್ದ ಕಳ್ಳರನ್ನು ಕೂರಿಸಿಕೊಂಡು ಮಾತನಾಡಿಸಿದರು. ಎರಡು ಸಂಗತಿ ಹೊರಬಿದ್ದವು. ಒಮ್ಮೆ ಕಳವಾದ ಮನೆಗೇ ಕಳ್ಳರು ಮತ್ತೆ ಮತ್ತೆ ನುಗ್ಗುತ್ತಿದ್ದರು. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ, ನಾಣ್ಯ ಹಾಕಿದರೆ ವಿದ್ಯುತ್ತು, ಗ್ಯಾಸು ಬರುವ ಮೀಟರಿನ ಡಬ್ಬಿಯನ್ನು ಒಡೆದು ಅದರಲ್ಲಿ ಕೂಡಿದ್ದ ಹಣವನ್ನು ಒಯ್ದಿದ್ದರು.

ಕಾರಣ ಗೊತ್ತಾದ ಮೇಲೆ ಕೆಲಸ ಹಂಚಿಕೆಯಾಯಿತು. ನಾಣ್ಯದ ಮೀಟರುಗಳನ್ನು ತೆಗೆಸಲಾಯಿತು. ವಸತಿ ವಿಭಾಗ ಬಾಗಿಲು, ಕಿಟಕಿ, ಚಿಲಕಗಳನ್ನು ಭದ್ರಪಡಿಸಿತು. ಕಳವಾದ ಮನೆಯ ಅಕ್ಕಪಕ್ಕದ ಐದಾರು ಮನೆಯವರು ಆ ಮನೆಯ ಮೇಲೆ ಕಣ್ಣಿಡಲು ಒಪ್ಪಿದರು. ಮೂರು ವರ್ಷಗಳಲ್ಲಿ ಮನೆಗಳ್ಳತನ ಮುಕ್ಕಾಲು ಪಾಲು ಇಳಿಯಿತು. ಪೊಲೀಸರ ಸಂಖ್ಯೆ ಹೆಚ್ಚಿಸಿ ಪಡೆದ ಫಲವಲ್ಲ ಇದು. ಕಳ್ಳನಿಗೆ ಸುಲಭದ ಕಾಸು ಸಿಗುವ ದಾರಿಯನ್ನು ಮುಚ್ಚುವ ಅಧಿಕಾರ ಠಾಣೆಯ ಬಳಿ ಇರಲಿಲ್ಲ, ಮೀಟರು ಕೂರಿಸಿದವರ ಬಳಿ ಇತ್ತು.

ಅಪರಾಧ ತಡೆಗೆ ಸ್ಥಳೀಯ ಪಾಲುದಾರಿಕೆ ಬೇಕು ಎಂಬ ಮಾತು ಇಂದು ಎಲ್ಲ ಕಡೆ ಕೇಳುತ್ತದೆ. ನಮ್ಮಲ್ಲೂ ಜನಸ್ನೇಹಿ ಪೊಲೀಸ್, ಬೀಟ್ ಸಮಿತಿ, ಮನೆ ಮನೆಗೆ ಪೊಲೀಸ್ ಎಂಬ ಹೆಸರುಗಳಲ್ಲಿ ಅದು ಚಾಲ್ತಿಯಲ್ಲಿದೆ. ಆದರೆ ಪಾಲುದಾರಿಕೆ ಯಾರ ಯಾರ ನಡುವೆ, ಯಾವ ಹೊಣೆಯ ಮೇಲೆ, ಯಾವ ಮಾಹಿತಿಯನ್ನು ಹಂಚಿಕೊಂಡು ಎಂದು ಕೇಳಿದರೆ ಉತ್ತರ ತೆಳ್ಳಗಾಗುತ್ತದೆ. ನಾಲ್ಕು ದಶಕಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ: ಪೊಲೀಸ್ ಮತ್ತು ಜನರ ನಡುವಿನ ಸ್ನೇಹಕ್ಕಷ್ಟೇ ನಿಂತ ಯೋಜನೆಗಳು ಸದ್ದು ಮಾಡಿ ಸೊರಗಿವೆ. ಆಸ್ಪತ್ರೆ, ಶಾಲೆ, ಬೀದಿದೀಪ, ವಸತಿಯ ಇಲಾಖೆಗಳನ್ನೂ ಹೊಣೆಗೆ ಕಟ್ಟಿಹಾಕಿದ ಕಡೆ ಫಲ ಸಿಕ್ಕಿದೆ.

ಒಪ್ಪಂದದಿಂದ ಕಾಯ್ದೆಗೆ

ಈ ವಿಚಾರಕ್ಕೆ ಕಾನೂನಿನ ರೂಪ ಕೊಟ್ಟ ದೇಶಗಳಲ್ಲಿ ಬ್ರಿಟನ್ ಮುಖ್ಯವಾದುದು. 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ನಡೆದ ಗಲಭೆಯ ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್, ಪೊಲೀಸರು ಸ್ಥಳೀಯರೊಡನೆ ಸಮಾಲೋಚಿಸುವ ಖಾಯಂ ವ್ಯವಸ್ಥೆ ಬೇಕೆಂದು ಹೇಳಿದರು. 1984ರಲ್ಲಿ ಅಲ್ಲಿನ ಗೃಹ ಇಲಾಖೆ ಹೊರಡಿಸಿದ ಸುತ್ತೋಲೆ, ಅಪರಾಧ ತಡೆಯನ್ನು ಪೊಲೀಸರಿಗಷ್ಟೇ ಬಿಡಲಾಗದು ಎಂಬ ನಿಲುವು ತಳೆಯಿತು. 1991ರಲ್ಲಿ ಜೇಮ್ಸ್ ಮಾರ್ಗನ್ ನೇತೃತ್ವದ ಸಮಿತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಕೆಲಸದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕಾನೂನಿನ ಹೊಣೆ ಇರಬೇಕೆಂದಿತು. ಅಪರಾಧ ತಡೆ ಎಂದರೆ ಪೊಲೀಸರ ಪಾಡು ಎಂದು ಜನ ಸುಮ್ಮನಾಗುತ್ತಾರೆ, ಸಮುದಾಯದ ಸುರಕ್ಷತೆ ಎಂದರೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ ಎಂಬುದು ಸಮಿತಿಯ ಲೆಕ್ಕಾಚಾರ.

ಈ ಶಿಫಾರಸು 1998ರ ‘ಕ್ರೈಮ್ ಅಂಡ್ ಡಿಸಾರ್ಡರ್ ಆಕ್ಟ್’ ಆಗಿ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರತಿ ಸ್ಥಳೀಯ ಸಂಸ್ಥೆ ಹಾಗೂ ಪೊಲೀಸರು ಸೇರಿ ತಮ್ಮ ಪ್ರದೇಶದ ಅಪರಾಧಗಳ ಲೆಕ್ಕ ತೆಗೆಯಬೇಕು, ಅದನ್ನು ಪ್ರಕಟಿಸಬೇಕು, ಜನರ ಅಭಿಪ್ರಾಯ ಕೇಳಬೇಕು, ಮೂರು ವರ್ಷಗಳ ಕಾರ್ಯತಂತ್ರ ಬರೆಯಬೇಕು ಎಂದು ಕಾಯ್ದೆ ವಿಧಿಸಿತು. ಮುಂದೆ ಅಗ್ನಿಶಾಮಕ ದಳ, ಆರೋಗ್ಯ ಸಂಸ್ಥೆಗಳು, ಪ್ರೊಬೇಷನ್ ಸೇವೆ ಕೂಡ ಹೊಣೆಗಾರರ ಪಟ್ಟಿಗೆ ಸೇರಿದವು. ಈ ಒಕ್ಕೂಟಗಳಿಗೆ 2010ರಲ್ಲಿ ‘ಕಮ್ಯುನಿಟಿ ಸೇಫ್ಟಿ ಪಾರ್ಟ್‌ನರ್‌ಶಿಪ್’ ಎಂಬ ಹೆಸರು ಬಂತು.

ಕಾಯ್ದೆಯ ಎರಡು ಕಲಮುಗಳು ಗಮನಾರ್ಹ. 17ನೇ ಕಲಮಿನ ಪ್ರಕಾರ ಸ್ಥಳೀಯ ಸಂಸ್ಥೆ ತನ್ನ ಯಾವುದೇ ಕೆಲಸ ಮಾಡುವಾಗ ಅದರಿಂದ ಅಪರಾಧದ ಮೇಲೆ ಆಗುವ ಪರಿಣಾಮವನ್ನು ಯೋಚಿಸಲೇಬೇಕು. ಉದ್ಯಾನದ ನಕ್ಷೆ, ಸುರಂಗಮಾರ್ಗದ ದೀಪ, ಬಸ್ ತಂಗುದಾಣದ ಜಾಗ ಎಲ್ಲವೂ ಇದರೊಳಗೆ ಬಂದವು. 115ನೇ ಕಲಮು ಈ ಕೆಲಸಕ್ಕಾಗಿ ಒಂದು ಸಂಸ್ಥೆ ಇನ್ನೊಂದಕ್ಕೆ ಮಾಹಿತಿ ಕೊಡಲು ಅಧಿಕಾರ ನೀಡಿತು. ಯಾರೋ ಒಬ್ಬ ಉತ್ಸಾಹಿ ಅಧಿಕಾರಿ ಇದ್ದಾಗ ನಡೆದು, ಅವರ ವರ್ಗಾವಣೆಯಾದ ಮರುದಿನ ನಿಲ್ಲುವ ಕೆಲಸ ಇದಾಗಬಾರದು ಎಂಬುದು ಇದರ ಹಿಂದಿನ ಅರ್ಥ.

ಆಸ್ಪತ್ರೆ ಸೇರಿಕೊಂಡಾಗ

ಪಾಲುದಾರಿಕೆಯ ನಿಜವಾದ ಬಲ ಕಾಣುವುದು ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ. ಅಲ್ಲಿ ಮುಖದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಜೊನಾಥನ್ ಶೆಪರ್ಡ್ ಒಂದು ವಿಚಿತ್ರ ಗಮನಿಸಿದರು. ಹೊಡೆದಾಟದಲ್ಲಿ ಗಾಯಗೊಂಡು ತುರ್ತು ವಿಭಾಗಕ್ಕೆ ಬರುವವರಲ್ಲಿ ದೊಡ್ಡ ಪಾಲು ಜನರ ಪ್ರಕರಣ ಪೊಲೀಸರ ದಾಖಲೆಯಲ್ಲಿ ಇರುತ್ತಲೇ ಇರಲಿಲ್ಲ. ಅಂದರೆ ಪೊಲೀಸರು ನಗರದ ಹಿಂಸೆಯ ಅರ್ಧ ನಕ್ಷೆ ಹಿಡಿದು ಗಸ್ತು ತಿರುಗುತ್ತಿದ್ದರು. ಶೆಪರ್ಡ್ ಆಸ್ಪತ್ರೆಯ ಸ್ವಾಗತ ಕೌಂಟರಿನಲ್ಲೇ ಕೆಲವು ಪ್ರಶ್ನೆ ಕೇಳುವ ಏರ್ಪಾಟು ಮಾಡಿಸಿದರು: ಎಲ್ಲಿ ನಡೆಯಿತು, ಎಷ್ಟು ಹೊತ್ತಿಗೆ, ಯಾವುದರಿಂದ ಹೊಡೆದರು. ಗಾಯಾಳುವಿನ ಹೆಸರು ತೆಗೆದುಹಾಕಿ ಉಳಿದ ವಿವರವನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕೊಡಲಾಯಿತು. ಯಾವ ಬಾರಿನ ಮುಂದೆ, ಯಾವ ರಾತ್ರಿ ಜಗಳ ಹೆಚ್ಚು ಎಂಬುದು ಗೊತ್ತಾಯಿತು. ಗಸ್ತಿನ ದಾರಿ ಬದಲಾಯಿತು, ಬಾರುಗಳ ಲೈಸೆನ್ಸಿನ ಮೇಲೆ ಬಿಗಿ ಬಂತು, ಒಡೆದು ಚುಚ್ಚಲಾಗದ ಲೋಟಗಳು ಬಂದವು. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಅಧ್ಯಯನ ಕಾರ್ಡಿಫನ್ನು ಅದರಂಥದೇ 14 ನಗರಗಳೊಡನೆ ಹೋಲಿಸಿ, ಹಿಂಸೆಯಿಂದ ಆಸ್ಪತ್ರೆ ಸೇರುವವರ ಪ್ರಮಾಣ ಅಲ್ಲಿ ಸುಮಾರು ಶೇ 42ರಷ್ಟು ಕಡಿಮೆ ಎಂದು ತೋರಿಸಿತು.

ಸ್ಕಾಟ್‌ಲೆಂಡಿನ ಗ್ಲಾಸ್ಗೋ ಇನ್ನೊಂದು ಉದಾಹರಣೆ. ಚಾಕು ಇರಿತಕ್ಕೆ ಕುಖ್ಯಾತವಾಗಿದ್ದ, ಯುರೋಪಿನ ಕೊಲೆಗಳ ರಾಜಧಾನಿ ಎಂದು ಪತ್ರಿಕೆಗಳು ಕರೆದಿದ್ದ ನಗರ ಅದು. 2005ರಲ್ಲಿ ಅಲ್ಲಿನ ಪೊಲೀಸರೇ ಹಿಂಸೆ ತಡೆ ಘಟಕವೊಂದನ್ನು ಕಟ್ಟಿದರು. ಕ್ಯಾರಿನ್ ಮೆಕ್‌ಕ್ಲಸ್ಕಿ ಮತ್ತು ಜಾನ್ ಕಾರ್ನಕನ್ ಇದರ ಮುಂದಾಳುಗಳು. ಹಿಂಸೆಯನ್ನು ಅಂಟುರೋಗದ ಹಾಗೆ ನೋಡಬೇಕು, ಹರಡುವ ದಾರಿಯಲ್ಲೇ ತಡೆಯಬೇಕು ಎಂಬುದು ಅವರ ವಾದ. 2008ರಿಂದ ಗ್ಯಾಂಗಿನ ಹುಡುಗರನ್ನು ಕೋರ್ಟ್ ಹಾಲಿಗೆ ಕರೆಸಿ ಕೂರಿಸಿದರು. ಇರಿತದ ಗಾಯ ಹೊಲಿಯುವ ವೈದ್ಯರು ಮಾತನಾಡಿದರು, ಮಗನನ್ನು ಕಳೆದುಕೊಂಡ ತಾಯಿ ಮಾತನಾಡಿದರು. ಕೊನೆಗೆ ಎರಡು ದಾರಿ ತೋರಿಸಲಾಯಿತು: ಹಿಂಸೆ ಬಿಟ್ಟರೆ ತರಬೇತಿ, ಕೆಲಸ, ವಸತಿಗೆ ನೆರವು, ಬಿಡದಿದ್ದರೆ ಇಡೀ ಗ್ಯಾಂಗಿನ ಮೇಲೆ ಕ್ರಮ. ಈ ಮಾದರಿಯ ಬೇರು ಅಮೆರಿಕದ ಬಾಸ್ಟನ್ನಿನಲ್ಲಿದೆ. 1996ರಲ್ಲಿ ಪೊಲೀಸರು, ಪಾದ್ರಿಗಳು, ಬೀದಿ ಕಾರ್ಯಕರ್ತರು ಸೇರಿ ನಡೆಸಿದ ‘ಆಪರೇಷನ್ ಸೀಸ್‌ಫೈರ್’ ಅವಧಿಯಲ್ಲಿ ಯುವಕರ ಕೊಲೆಗಳು ಶೇ 63ರಷ್ಟು ಇಳಿದವೆಂದು ಮೌಲ್ಯಮಾಪನ ಹೇಳಿತು. ಸ್ಕಾಟ್‌ಲೆಂಡಿನಲ್ಲಿ ವಾರ್ಷಿಕ ಕೊಲೆಗಳ ಸಂಖ್ಯೆ 2005ರ ಮುಂದಿನ ದಶಕದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಎಲ್ಲವೂ ಗ್ಲಾಸ್ಗೋದ ಘಟಕದ ಪುಣ್ಯವೆನ್ನಲಾಗದು, ಏಕೆಂದರೆ ಆ ವರ್ಷಗಳಲ್ಲಿ ಬೇರೆ ಅನೇಕ ಕಡೆಯೂ ಹಿಂಸೆ ತಗ್ಗಿತ್ತು. ಆದರೂ ಅದರ ಪ್ರಭಾವ ಎಷ್ಟಿತ್ತೆಂದರೆ, 2022ರ ಕಾಯ್ದೆಯೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಭೀರ ಹಿಂಸೆ ತಡೆಯುವುದನ್ನು ಪೊಲೀಸರ ಜೊತೆ ಆರೋಗ್ಯ, ಅಗ್ನಿಶಾಮಕ, ಸ್ಥಳೀಯ ಸಂಸ್ಥೆಗಳ ಕಾನೂನುಬದ್ಧ ಕರ್ತವ್ಯವನ್ನಾಗಿ ಮಾಡಿತು.

ಎಡವಿದ ಕಡೆಗಳು

ಕಾಯ್ದೆ ಇದ್ದ ಮಾತ್ರಕ್ಕೆ ಕೆಲಸ ಆಯಿತೆನ್ನುವಂತಿಲ್ಲ. 2007ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ತಾಯಿಯೊಬ್ಬರು ಅಂಗವೈಕಲ್ಯವಿದ್ದ ಮಗಳೊಡನೆ ಪ್ರಾಣ ಕಳೆದುಕೊಂಡರು. ಅಕ್ಕಪಕ್ಕದ ಪುಂಡ ಹುಡುಗರು ವರ್ಷಗಟ್ಟಲೆ ಆ ಮನೆಗೆ ಕಲ್ಲೆಸೆದು, ಗೇಲಿ ಮಾಡಿ ಕಾಡಿದ್ದರು. ಆಕೆ ಪೊಲೀಸರಿಗೆ ಹತ್ತಾರು ಬಾರಿ ದೂರಿದ್ದರು. ಪ್ರತಿ ದೂರನ್ನೂ ಬಿಡಿಬಿಡಿಯಾಗಿ, ಸಣ್ಣ ಕಿರುಕುಳವೆಂದು ಬರೆದುಕೊಳ್ಳಲಾಗಿತ್ತು. ಪೊಲೀಸರ ಬಳಿ ಒಂದಿಷ್ಟು, ಸ್ಥಳೀಯ ಸಂಸ್ಥೆಗಳ ಬಳಿ ಒಂದಿಷ್ಟು ಮಾಹಿತಿ ಇತ್ತು, ಆದರೆ ಯಾರೂ ಅದನ್ನು ಕೂಡಿಸಿ ನೋಡಲಿಲ್ಲ. 2009ರ ವಿಚಾರಣೆ ಇಬ್ಬರ ಲೋಪವನ್ನೂ ಎತ್ತಿ ತೋರಿಸಿತು. ಮಾಹಿತಿ ಹಂಚಿಕೊಳ್ಳುವ ಅಧಿಕಾರ ಕಾಯ್ದೆಯಲ್ಲಿ ಬಂದು ಒಂಬತ್ತು ವರ್ಷವಾಗಿದ್ದರೂ ಅದು ಆ ಮನೆಯ ಬಾಗಿಲಿಗೆ ತಲುಪಿರಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ಲಂಡನ್ನಿನಲ್ಲಾಯಿತು. 2012ರಲ್ಲಿ ಅಲ್ಲಿನ ಪೊಲೀಸರು ‘ಗ್ಯಾಂಗ್ಸ್ ಮ್ಯಾಟ್ರಿಕ್ಸ್’ ಎಂಬ ಪಟ್ಟಿ ತಯಾರಿಸಿದರು. ಗ್ಯಾಂಗಿಗೆ ಸೇರಿದವರೆಂಬ ಶಂಕೆಯ ಮೇಲೆ ಹೆಸರು ಸೇರುತ್ತಿತ್ತು, ಹೆಸರಿದ್ದವರಲ್ಲಿ ಬಹುಪಾಲು ಕಪ್ಪು ಯುವಕರು. ಪಟ್ಟಿ ಬೇರೆ ಸಂಸ್ಥೆಗಳ ಕೈಗೂ ಹೋಗುತ್ತಿತ್ತು. 2018ರಲ್ಲಿ ದೇಶದ ಮಾಹಿತಿ ಆಯುಕ್ತರ ಕಚೇರಿ ಇದರಲ್ಲಿ ದತ್ತಾಂಶ ರಕ್ಷಣಾ ಕಾನೂನಿನ ಗಂಭೀರ ಉಲ್ಲಂಘನೆಯಾಗಿದೆ ಎಂದಿತು. ಕೊನೆಗೆ 2024ರಲ್ಲಿ ಪಟ್ಟಿಯನ್ನೇ ಕೈಬಿಡಲಾಯಿತು.

ಕಾರ್ಡಿಫ್, ಲೆಸ್ಟರ್‌ಶೈರ್, ಲಂಡನ್ ಮೂರನ್ನೂ ಒಟ್ಟಿಗೆ ನೋಡಿದರೆ ಮಾಹಿತಿ ಹಂಚಿಕೆಯ ಒಂದು ನೀತಿ ತಾನಾಗಿ ಮೂಡುತ್ತದೆ. ಜಾಗ, ಹೊತ್ತು, ಆಯುಧದ ವಿವರವನ್ನು ಧಾರಾಳವಾಗಿ ಹಂಚಬಹುದು, ಅದರಿಂದ ಯಾರಿಗೂ ಕೇಡಿಲ್ಲ. ನೊಂದವರ ದೂರು ಒಂದು ಕಚೇರಿಯಿಂದ ಇನ್ನೊಂದಕ್ಕೆ ತಪ್ಪದೆ ಹೋಗಬೇಕು. ಶಂಕಿತರ ಹೆಸರಿನ ಪಟ್ಟಿಗೆ ಮಾತ್ರ ಕಟ್ಟುನಿಟ್ಟಿನ ಕಾವಲು ಬೇಕು. ಬ್ರಿಟನ್ನಿನ ಅನುಭವದಲ್ಲಿ ಇನ್ನೂ ಒಂದು ಪಾಠವಿದೆ. 2010ರ ನಂತರ ಸ್ಥಳೀಯ ಸಂಸ್ಥೆಗಳ ಅನುದಾನ ಕಡಿತವಾದಾಗ ಯುವಜನ ಕೇಂದ್ರಗಳು ಮುಚ್ಚಿದವು, ಪಾಲುದಾರಿಕೆ ಹಲವೆಡೆ ಸಭೆಯ ನಡಾವಳಿಗೆ ಇಳಿಯಿತು. ಹಣವಿಲ್ಲದ ಹೊಣೆ ಕಾಗದದಲ್ಲಷ್ಟೇ ಉಳಿಯುತ್ತದೆ.

ಭಾರತದ ಪ್ರಯೋಗಗಳು

ನಮ್ಮ ಹಳ್ಳಿಗಳಲ್ಲಿ ಕಾವಲು ಹಿಂದೆ ಊರಿನ ಆಡಳಿತದ್ದೇ ಭಾಗವಾಗಿತ್ತು. ಪಟೇಲ, ಶಾನುಭೋಗರ ಜೊತೆಯಲ್ಲಿ ತಳವಾರ ಇದ್ದ. ಅದನ್ನು ವೈಭವೀಕರಿಸಬೇಕಿಲ್ಲ, ಆ ಹೊಣೆ ಜಾತಿಗೆ ಅಂಟಿಕೊಂಡ ಚಾಕರಿಯಾಗಿತ್ತು. ಬ್ರಿಟಿಷರು ಕೊಟ್ಟ 1861ರ ಪೊಲೀಸ್ ಕಾಯ್ದೆ ಆಳುವವರ ಅಂಕೆಯಲ್ಲಿರುವ ಪಡೆಯನ್ನು ಕಟ್ಟಿತೇ ಹೊರತು ಜನಕ್ಕೆ ಉತ್ತರ ಹೇಳುವ ಸೇವೆಯನ್ನಲ್ಲ. ಸ್ವಾತಂತ್ರ್ಯದ ನಂತರವೂ ಅದರ ಮೂಲ ಗುಣ ಬದಲಾಗಲಿಲ್ಲ. ಹೀಗಾಗಿ ನಮ್ಮ ಪಾಲುದಾರಿಕೆಯ ಪ್ರಯೋಗಗಳು ಬಹುಪಾಲು ಒಬ್ಬೊಬ್ಬ ಅಧಿಕಾರಿಯ ಹೆಸರಿನಿಂದಲೇ ಗುರುತಾಗುತ್ತವೆ.

ಮಹಾರಾಷ್ಟ್ರದ ಭಿವಂಡಿ ಅವುಗಳಲ್ಲಿ ಮೊದಲು ನೆನಪಾಗುವ ಹೆಸರು. ವಿದ್ಯುತ್ ಮಗ್ಗಗಳ ಆ ಪಟ್ಟಣ 1970 ಮತ್ತು 1984ರಲ್ಲಿ ಭೀಕರ ಕೋಮುಗಲಭೆ ಕಂಡಿತ್ತು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿಸಿದರು. ಎರಡೂ ಕೋಮಿನ ಸಾಮಾನ್ಯರು ಒಂದೇ ಸಮಿತಿಯಲ್ಲಿ ಪೊಲೀಸರೊಡನೆ ಕೂತು ಬೀದಿಯ ತಕರಾರುಗಳನ್ನು ಮಾತನಾಡುವ ರೂಢಿ ಬೆಳೆಯಿತು. 1992-93ರಲ್ಲಿ ಬಾಬರಿ ಮಸೀದಿ ಧ್ವಂಸದ ನಂತರ ಪಕ್ಕದ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಗಲಭೆಯ ಹಿಂದಿನ ದಿನ ಕರೆಯುವ ಶಾಂತಿ ಸಭೆಗೂ ವರ್ಷವಿಡೀ ನಡೆಯುವ ಸಮಿತಿಗೂ ಇರುವ ವ್ಯತ್ಯಾಸವನ್ನು ಇದು ತೋರಿಸಿತು.

ತಮಿಳುನಾಡಿನ ಅನುಭವ ಎರಡೂ ಮುಖ ತೋರಿಸುತ್ತದೆ. ತಿರುಚಿರಾಪಳ್ಳಿಯಲ್ಲಿ 1999ರ ನಂತರ ಜೆ.ಕೆ. ತ್ರಿಪಾಠಿ ರೂಪಿಸಿದ ಬೀಟ್ ಪದ್ಧತಿ ಮತ್ತು ದೂರು ಪೆಟ್ಟಿಗೆಗಳು ಪೊಲೀಸರನ್ನು ಕೊಳೆಗೇರಿಗಳ ಒಳಗೆ ಪರಿಚಿತರನ್ನಾಗಿಸಿದವು. 1993ರಲ್ಲಿ ರಾಮನಾಥಪುರದಲ್ಲಿ ಪ್ರತೀಪ್ ಫಿಲಿಪ್ ಆರಂಭಿಸಿದ ‘ಫ್ರೆಂಡ್ಸ್ ಆಫ್ ಪೊಲೀಸ್’ ರಾಜ್ಯವಿಡೀ ಹರಡಿತು. ಆದರೆ 2020ರಲ್ಲಿ ಸಾತಾನ್‌ಕುಳಂ ಠಾಣೆಯಲ್ಲಿ ಚಿತ್ರಹಿಂಸೆಗೆ ಗುರಿಯಾದ ತಂದೆ-ಮಗ ಸತ್ತಾಗ, ಈ ಹೆಸರಿನ ಸ್ವಯಂಸೇವಕರ ಮೇಲೂ ಆರೋಪ ಬಂತು. ಸರ್ಕಾರ ಆ ವ್ಯವಸ್ಥೆಯನ್ನೇ ನಿಷೇಧಿಸಿತು. ಠಾಣೆಗೆ ಜನರ ಕಣ್ಣಾಗಬೇಕಾದವರು ಠಾಣೆಯ ಕೈಯಾಳುಗಳಾಗಿಬಿಡುವ ಅಪಾಯ ಎಷ್ಟು ಹತ್ತಿರದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೇರಳ ಒಂದಿಷ್ಟು ಬೇರೆ. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಆಯೋಗದ ಶಿಫಾರಸಿನಂತೆ 2008ರ ಮಾರ್ಚ್‌ನಲ್ಲಿ 20 ಠಾಣೆಗಳಲ್ಲಿ ‘ಜನಮೈತ್ರಿ ಸುರಕ್ಷಾ’ ಯೋಜನೆ ಆರಂಭವಾಯಿತು. ಸುಮಾರು 500 ಮನೆಗಳಿಗೊಬ್ಬ ಬೀಟ್ ಅಧಿಕಾರಿ, ಪ್ರತಿ ಮನೆಯ ಪರಿಚಯ, ಪ್ರತಿ ಠಾಣೆಗೊಂದು ಜನಮೈತ್ರಿ ಸಮಿತಿ. ಸರ್ಕಾರಗಳು ಬದಲಾದರೂ ಯೋಜನೆ ಉಳಿದು ಬೆಳೆಯಿತು. ಅಧಿಕಾರಿಯ ವೈಯಕ್ತಿಕ ಉತ್ಸಾಹದ ಬದಲು ಇಲಾಖೆಯ ಆದೇಶ, ತರಬೇತಿ, ನಿಗದಿತ ಕೆಲಸಗಳ ಮೇಲೆ ಅದು ನಿಂತಿದ್ದೇ ಈ ಬಾಳಿಕೆಗೆ ಕಾರಣ.

ಕರ್ನಾಟಕದ ಪಾಡು

ನಮ್ಮ ರಾಜ್ಯದಲ್ಲಿ ಕಾಯ್ದೆಗಳಿಗೆ ಬರವಿಲ್ಲ. ಹಳ್ಳಿಗಳ ಕಾವಲಿಗೆ ಸ್ವಯಂಸೇವಕರ ಪಡೆ ಕಟ್ಟಲು 1964ರಲ್ಲೇ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂದಿದೆ. ಹಬ್ಬಗಳ ಮುಂಚೆ ಶಾಂತಿ ಸಭೆ ನಡೆಯುತ್ತದೆ. ಪರಿಶಿಷ್ಟ ಜಾತಿ, ಪಂಗಡದವರ ಕುಂದುಕೊರತೆ ಸಭೆಗಳಿವೆ. ಶಾಲಾ ಮಕ್ಕಳನ್ನು ಠಾಣೆಗೆ ಕರೆತರುವ ‘ತೆರೆದ ಮನೆ’ ಇದೆ. 2017ರಲ್ಲಿ ರಾಜ್ಯದಾದ್ಯಂತ ಹೊಸ ಬೀಟ್ ಪದ್ಧತಿ ಜಾರಿಯಾಗಿ, ಪ್ರತಿ ಬೀಟಿಗೆ ನಾಗರಿಕ ಸದಸ್ಯರನ್ನು ಸೇರಿಸಿಕೊಳ್ಳಲಾಯಿತು. 2025ರ ಜುಲೈನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಅವರು ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ನೀಡಿದರು. ಪೊಲೀಸರೇ ಮನೆಬಾಗಿಲಿಗೆ ಹೋಗಿ ಕಷ್ಟಸುಖ ಕೇಳುವ ಈ ಕ್ರಮ ಜಪಾನಿನ ‘ಕೋಬಾನ್’ ಪದ್ಧತಿಯನ್ನು ನೆನಪಿಸುತ್ತದೆ. ಅಲ್ಲಿ ಬಡಾವಣೆಯ ಪುಟ್ಟ ಚೌಕಿಯ ಪೊಲೀಸರು ಮನೆಮನೆ ಸುತ್ತುವುದು ಬಹುಕಾಲದ ರೂಢಿ.

ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಎಲ್ಲದರಲ್ಲೂ ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ನಾಗರಿಕರು. ಮೂರನೆಯವರು ಎಲ್ಲಿದ್ದಾರೆ? ಬೀದಿದೀಪ ಉರಿಸಬೇಕಾದದ್ದು ಪಂಚಾಯಿತಿ, ಪುರಸಭೆ. ರಾತ್ರಿ ಕೊನೆಯ ಬಸ್ಸು ಯಾವ ನಿಲ್ದಾಣದಲ್ಲಿ ನಿಲ್ಲಬೇಕೆಂದು ಹೇಳುವುದು ಸಾರಿಗೆ ನಿಗಮ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಮದ್ಯ ಮಾರಾಟವಾಗದಂತೆ ನೋಡಬೇಕಾದದ್ದು ಅಬಕಾರಿ ಇಲಾಖೆ. ಬಾಲ್ಯವಿವಾಹದ ಸುಳಿವು ಮೊದಲು ಸಿಗುವುದು ಅಂಗನವಾಡಿ ಕಾರ್ಯಕರ್ತೆಗೆ. ಗಂಡನ ಹೊಡೆತ ತಿಂದು ಬಂದ ಹೆಂಗಸು ಜಾರಿ ಬಿದ್ದೆ ಎನ್ನುವುದು ತಾಲ್ಲೂಕು ಆಸ್ಪತ್ರೆಯ ನರ್ಸ್ ಬಳಿ. ಶಾಲೆ ಬಿಟ್ಟ ಹುಡುಗ ಯಾರ ಜೊತೆ ತಿರುಗುತ್ತಿದ್ದಾನೆಂಬುದು ಮೇಷ್ಟ್ರಿಗೆ ಗೊತ್ತು. ಇವರಾರೂ ಬೀಟ್ ಸಭೆಯಲ್ಲಿ ಹೊಣೆಗಾರರಾಗಿ ಕೂರುವುದಿಲ್ಲ. ಆಸ್ಪತ್ರೆಯಲ್ಲಿ ಹೊಡೆದಾಟದ ಗಾಯಕ್ಕೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ವರದಿ) ಬರೆದು ಠಾಣೆಗೆ ಕಳಿಸುವ ಪದ್ಧತಿ ನಮ್ಮಲ್ಲಿ ಎಂದಿನಿಂದಲೂ ಇದೆ. ಆದರೆ ಅದು ಒಂದೊಂದು ಕೇಸಿನ ಕಾಗದವಾಗಿ ಫೈಲು ಸೇರುತ್ತದೆ. ಅವನ್ನೆಲ್ಲ ಕೂಡಿಸಿ ಊರಿನ ನಕ್ಷೆಯ ಮೇಲೆ ಗುರುತು ಹಾಕುವ ಕೆಲಸ ಯಾರದೂ ಅಲ್ಲ.

ಇದಕ್ಕೆ ಅಪವಾದವಾಗಿ ನಮ್ಮಲ್ಲೇ ಒಂದು ಮಾದರಿ ಇದೆ. ಬೆಂಗಳೂರಿನ ಪೊಲೀಸ್ ಕಮಿಷನರ್ ಕಚೇರಿಯ ಆವರಣದಲ್ಲಿ 1999ರಲ್ಲಿ ಆರಂಭವಾದ ‘ವನಿತಾ ಸಹಾಯವಾಣಿ’ ಪೊಲೀಸರು ಮತ್ತು ಸ್ವಯಂಸೇವಾ ಸಂಸ್ಥೆ ಸೇರಿ ನಡೆಸಿದ ಕೆಲಸ. ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಹೆಂಗಸರು ಆಪ್ತಸಮಾಲೋಚಕರ ಮುಂದೆ ಮಾತನಾಡಲು ಸಾಧ್ಯವಾಯಿತು. ಬೇಕಾದಾಗ ಪೊಲೀಸರ ಬಲವೂ ಪಕ್ಕದಲ್ಲೇ ಇತ್ತು. ಇದಕ್ಕೆ ಹೋಲಿಸಿದರೆ ನಿರ್ಭಯಾ ನಿಧಿಯ ‘ಸೇಫ್ ಸಿಟಿ’ ಯೋಜನೆಯ ಕಥೆ ಬೇರೆ. ದೇಶದ ಎಂಟು ಮಹಾನಗರಗಳಲ್ಲಿ ಒಂದಾಗಿ ಬೆಂಗಳೂರಿಗೆ ಮಂಜೂರಾದ ಈ ಯೋಜನೆಯಲ್ಲಿ ಎದ್ದು ಕಂಡದ್ದು ಕ್ಯಾಮೆರಾ ಮತ್ತು ಕಮಾಂಡ್ ಸೆಂಟರ್. ಕ್ಯಾಮೆರಾದಿಂದ ಕಳ್ಳನನ್ನು ಹಿಡಿಯಲು ಅನುಕೂಲವಿದೆ. ಆದರೆ ರಾತ್ರಿ ಪಾಳಿ ಮುಗಿಸಿ ಹೊರಡುವ ಗಾರ್ಮೆಂಟ್ ಕೆಲಸದ ಹೆಣ್ಣುಮಗಳಿಗೆ ನಿಲ್ದಾಣದಿಂದ ಮನೆಯವರೆಗಿನ ಕತ್ತಲ ಓಣಿಯನ್ನು ಅದು ಬೆಳಗಿಸುವುದಿಲ್ಲ.

ಅಳೆದು ನೋಡಿದಾಗ

ಇಂಥ ಯೋಜನೆಗಳನ್ನು ಅಳೆದು ನೋಡಿದವರ ಮಾತು ಕೇಳುವುದು ಒಳ್ಳೆಯದು. 2021ರಲ್ಲಿ ‘ಸೈನ್ಸ್’ ನಿಯತಕಾಲಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪೀನ್ಸ್, ಉಗಾಂಡ ದೇಶಗಳಲ್ಲಿ ಸಮುದಾಯ ಪೊಲೀಸ್ ಪ್ರಯೋಗ ನಡೆಸಿ ನೋಡಿತು. ಗಸ್ತು, ಜನಸಭೆ, ಮನೆಭೇಟಿ ಎಲ್ಲವೂ ನಡೆದವು. ಅಪರಾಧ ಇಳಿಯಲಿಲ್ಲ, ಪೊಲೀಸರ ಮೇಲಿನ ನಂಬಿಕೆಯೂ ಏರಲಿಲ್ಲ. ಮೇಲಧಿಕಾರಿಗಳ ಬೆಂಬಲ ನಿಲ್ಲುವುದು, ಅಧಿಕಾರಿಗಳ ಪದೇಪದೇ ವರ್ಗಾವಣೆ, ಜನ ಹೇಳಿದ್ದಕ್ಕೆ ಓಗೊಡಲು ಸಂಪನ್ಮೂಲವಿಲ್ಲದಿರುವುದು ಮುಖ್ಯ ಅಡ್ಡಿಗಳೆಂದು ಸಂಶೋಧಕರು ಗುರುತಿಸಿದರು. ನಮ್ಮ ಯಾವುದೇ ಠಾಣೆಯ ಹೆಡ್ ಕಾನ್‌ಸ್ಟೆಬಲ್‌ರನ್ನು ಕೇಳಿದರೂ ಇದೇ ಮೂರು ಕಾರಣ ಹೇಳಿಯಾರು.

ರಾಜಸ್ಥಾನದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಐಪಿಎಸ್ ಅಧಿಕಾರಿ ನೀನಾ ಸಿಂಗ್ ಜೊತೆ ನಡೆಸಿದ ಪ್ರಯೋಗವೂ ಇದಕ್ಕೆ ಹತ್ತಿರದ್ದನ್ನೇ ಹೇಳಿತು. ಸಿಬ್ಬಂದಿಗೆ ತರಬೇತಿ ಕೊಟ್ಟಾಗ ಠಾಣೆಗಳ ಕೆಲಸ ಸುಧಾರಿಸಿತು. ಊರವರನ್ನು ವೀಕ್ಷಕರನ್ನಾಗಿ ಠಾಣೆಯಲ್ಲಿ ಕೂರಿಸಿದ್ದರಿಂದ ಹೇಳಿಕೊಳ್ಳುವಂಥ ಫಲವಾಗಲಿಲ್ಲ. ಮಧ್ಯಪ್ರದೇಶದ 180 ಠಾಣೆಗಳ ಅಧ್ಯಯನದಲ್ಲಿ ಮಾತ್ರ ಬೇರೆ ಚಿತ್ರ. ಮಹಿಳಾ ಸಹಾಯ ಡೆಸ್ಕ್ ಇಟ್ಟ ಠಾಣೆಗಳಲ್ಲಿ ಹೆಂಗಸರ ದೂರು ದಾಖಲಾಗುವುದು ಹೆಚ್ಚಿತು. ಅಲ್ಲಿ ಠಾಣೆಯ ಒಳಗಿನ ಕೆಲಸದ ರೀತಿಯೇ ಬದಲಾಗಿತ್ತು, ಅದಕ್ಕೇ ಫಲ ಸಿಕ್ಕಿತು.

ಜಾಗವನ್ನು ಸರಿಪಡಿಸಿದ ಕಡೆ ಫಲಿತಾಂಶ ಇನ್ನೂ ಖಚಿತ. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ಹೆಚ್ಚು ಬೆಳಕಿನ ದೀಪಗಳನ್ನಿಟ್ಟಾಗ, ರಾತ್ರಿಯ ಹೊರಾಂಗಣದ ಗಂಭೀರ ಅಪರಾಧಗಳು ಶೇ 36ರಷ್ಟು ತಗ್ಗಿದವು. ಫಿಲಡೆಲ್ಫಿಯಾದಲ್ಲಿ ಹಾಳುಬಿದ್ದ ಖಾಲಿ ನಿವೇಶನಗಳ ಕಸ ತೆಗೆಸಿ ಹುಲ್ಲು, ಗಿಡ ನೆಟ್ಟಾಗ ಬಡ ಬಡಾವಣೆಗಳಲ್ಲಿ ಗುಂಡಿನ ಹಿಂಸೆ ಶೇ 29ರಷ್ಟು ಇಳಿಯಿತು. ಎರಡೂ ಕಡೆ ಕೆಲಸ ಮಾಡಿದ್ದು ಲಾಠಿಯಲ್ಲ.

ಯಾರ ಸಮುದಾಯ?

ಪಾಲುದಾರಿಕೆಯ ಹೆಸರಿನಲ್ಲಿ ಕೇಳಲೇಬೇಕಾದ ಕಹಿ ಪ್ರಶ್ನೆ ಒಂದಿದೆ: ಸಮಿತಿಯಲ್ಲಿ ಕೂರುವವರು ಯಾರು? ಬ್ರಿಟನ್ನಿನಲ್ಲಿ ನೆರೆಹೊರೆ ಕಾವಲಿನ ಮೊದಲ ಸಂಘ 1982ರಲ್ಲಿ ಚೆಶೈರ್‌ನ ಮಾಲಿಂಗ್ಟನ್ ಹಳ್ಳಿಯಲ್ಲಿ ಹುಟ್ಟಿತು. ಮುಂದೆ ಇಂಥ ಸಂಘಗಳು ಸುಲಭವಾಗಿ ಬೇರೂರಿದ್ದು ಸ್ಥಿತಿವಂತರ, ಕಳವು ಕಡಿಮೆ ಇರುವ ಬಡಾವಣೆಗಳಲ್ಲಿ. ಹೆಚ್ಚು ಕಷ್ಟವಿದ್ದ ಕಡೆ ಅವು ಚಿಗುರಲಿಲ್ಲ. ನಮ್ಮಲ್ಲೂ ಬೀಟ್ ಸಭೆಗೆ ಬರುವವರು ಮುಖಂಡರು, ಅಂಗಡಿ ಮಾಲೀಕರು, ಅಪಾರ್ಟ್‌ಮೆಂಟ್ ಸಂಘದವರು. ಬೀದಿಬದಿ ವ್ಯಾಪಾರಿ, ಕಸ ಆಯುವವರು, ಉತ್ತರದಿಂದ ಬಂದ ಕಟ್ಟಡ ಕಾರ್ಮಿಕರು ಅಲ್ಲಿ ಸದಸ್ಯರಾಗುವುದಿಲ್ಲ, ಸಂಶಯದ ವಸ್ತುವಾಗುತ್ತಾರೆ.

ಈ ಸಂಶಯಕ್ಕೆ ಹಳೆಯ ಬೇರಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದಿತು. 1952ರಲ್ಲಿ ಅದು ರದ್ದಾದರೂ, ಅಂಥವರನ್ನು ಕೂಡಿಹಾಕಿದ್ದ ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಪ್ರದೇಶದ ಹೆಸರು ಉಳಿದಂತೆ ಜನರ ಮನಸ್ಸಿನ ಗುಮಾನಿಯೂ ಉಳಿದಿದೆ. ಕರಾವಳಿಯಲ್ಲಿ ಬೇರೆ ಬೇರೆ ಧರ್ಮದ ಹುಡುಗ-ಹುಡುಗಿ ಒಟ್ಟಿಗೆ ಕಂಡರೆ ಅಡ್ಡಗಟ್ಟುವವರು ಕೂಡ ತಮ್ಮನ್ನು ಸಮಾಜದ ಕಾವಲುಗಾರರೆಂದೇ ಕರೆದುಕೊಳ್ಳುತ್ತಾರೆ. ಕಾನೂನಿನ ಹೊರಗೆ ನಿಂತವರು ಪಾಲುದಾರರಲ್ಲ ಎಂಬ ಗೆರೆಯನ್ನು ಪೊಲೀಸರು ಮೊದಲ ದಿನವೇ ಎಳೆಯಬೇಕು.

2018 ಈ ವಿಷಯದಲ್ಲಿ ಎರಡು ಪಾಠ ಕಲಿಸಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ಹಬ್ಬಿದ್ದ ಆ ವರ್ಷ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಯುವಕರ ಮೇಲೆ ಗುಂಪು ಎರಗಿತು, ಒಬ್ಬರು ಸತ್ತರು. ನಮ್ಮ ರಾಯಚೂರಿಗೆ ಅಂಟಿಕೊಂಡ ತೆಲಂಗಾಣದ ಜೋಗುಳಾಂಬ ಗದ್ವಾಲ್ ಜಿಲ್ಲೆಯಲ್ಲೂ ಅದೇ ವದಂತಿ ಇತ್ತು. ಅಲ್ಲಿನ ಎಸ್‌ಪಿ ರೆಮಾ ರಾಜೇಶ್ವರಿ ಹಳ್ಳಿಗೊಬ್ಬರಂತೆ ಪೊಲೀಸರನ್ನು ಮೊದಲೇ ನೇಮಿಸಿದ್ದರು. ಜನರೊಡನೆ ಪಳಗಿದ್ದ ಆ ಪೊಲೀಸರು ಡಂಗುರ ಸಾರಿಸಿ, ಹಾಡು ಕಟ್ಟಿ ಹಾಡಿ ವದಂತಿ ಸುಳ್ಳೆಂದು ತಿಳಿಸಿದರು. ಅಲ್ಲಿ ಹೆಣ ಬೀಳಲಿಲ್ಲ. ಜನರೊಡನೆ ನಂಟು ಆಪತ್ತು ಬಂದ ದಿನ ಹುಟ್ಟುವುದಿಲ್ಲ, ಮುಂಚೆಯೇ ಇರಬೇಕು.

ಆಗಬೇಕಾದದ್ದು

ಕರ್ಕ್‌ಹೋಲ್ಟ್‌ನ ಯಶಸ್ಸು ಕಂಡು ಇಂಗ್ಲೆಂಡಿನ ಬೇರೆ ಊರುಗಳೂ ಅದನ್ನು ನಕಲು ಮಾಡಿದವು. ಸಂಶೋಧಕ ನಿಕ್ ಟಿಲ್ಲಿ ಅವನ್ನು ಪರಿಶೀಲಿಸಿ, ಅಲ್ಲಿನ ಕ್ರಮಗಳನ್ನು ಹಾಗೇ ಎತ್ತಿಕೊಂಡರೆ ಸಾಲದು, ಅಲ್ಲಿ ಅವು ಯಾಕೆ ಕೆಲಸ ಮಾಡಿದವು ಎಂದು ಹುಡುಕಬೇಕು ಎಂದು ತೋರಿಸಿದರು. ಕೇರಳದ ಸಮಿತಿ, ಜಪಾನಿನ ಮನೆಭೇಟಿ ಅಥವಾ ಬ್ರಿಟನ್ನಿನ ಕಾಯ್ದೆಯನ್ನು ಇಲ್ಲಿಗೆ ತರುವಾಗಲೂ ಈ ಎಚ್ಚರ ಬೇಕು.

ಕರ್ನಾಟಕಕ್ಕೆ ಬೇಕಾದದ್ದು ಇನ್ನೊಂದು ಹೊಸ ಹೆಸರಿನ ಯೋಜನೆಯಲ್ಲ. ತಾಲ್ಲೂಕು ಮಟ್ಟದಲ್ಲಿ, ನಗರಗಳಲ್ಲಾದರೆ ವಾರ್ಡ್ ಮಟ್ಟದಲ್ಲಿ, ಪೊಲೀಸ್, ಸ್ಥಳೀಯ ಸಂಸ್ಥೆ, ಆರೋಗ್ಯ, ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಇಲಾಖೆ, ಅಬಕಾರಿ ಇಷ್ಟೂ ಇಲಾಖೆಗಳನ್ನು ಕಾನೂನಿನ ಹೊಣೆಯಿಂದ ಒಂದು ಮೇಜಿಗೆ ತರಬೇಕು. ಎಂಎಲ್‌ಸಿ ವಿವರದಿಂದ ಹೆಸರು ತೆಗೆದು ಜಾಗ, ಹೊತ್ತಿನ ನಕ್ಷೆ ಮಾಡಬೇಕು. ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ. ವರ್ಷಕ್ಕೊಮ್ಮೆ ಆ ಲೆಕ್ಕವನ್ನೂ ಯಾವ ಇಲಾಖೆ ಏನು ಮಾಡಿತೆಂಬುದನ್ನೂ ಗ್ರಾಮಸಭೆ, ವಾರ್ಡ್ ಸಭೆಗಳ ಮುಂದಿಡಬೇಕು. ಬೀಟ್ ಸಿಬ್ಬಂದಿಯನ್ನು ಬಂದೋಬಸ್ತಿಗೆ ಎಳೆದುಕೊಂಡು ಹೋಗುವುದು, ವರ್ಷ ತುಂಬುವ ಮೊದಲೇ ಠಾಣಾಧಿಕಾರಿಯನ್ನು ವರ್ಗ ಮಾಡುವುದು ನಿಲ್ಲಬೇಕು. ಪೊಲೀಸ್ ಅಧಿಕಾರಿಗಳಿಗೆ ನಿಗದಿತ ಅವಧಿ ಕೊಡಬೇಕು, ಜನರ ದೂರು ಕೇಳಲು ಪ್ರಾಧಿಕಾರ ಇರಬೇಕು ಎಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿದೆ. ಅದನ್ನು ಮನಃಪೂರ್ವಕ ಪಾಲಿಸದೆ ಮನೆಬಾಗಿಲಿಗೆ ಪೊಲೀಸರನ್ನು ಕಳಿಸಿದರೆ, ಹಳೆಯ ಪೊಲೀಸ್ ವ್ಯವಸ್ಥೆಯೇ ಮನೆಯವರೆಗೆ ಬಂದಂತಾಗುತ್ತದೆ ಅಷ್ಟೆ.

ನಾಗರಿಕರ ಪಾಲೂ ಇದೆ. ಮುಂದಿನ ಬೀಟ್ ಸಭೆಗೋ ವಾರ್ಡ್ ಸಭೆಗೋ ಹೋದಾಗ ಪೊಲೀಸರ ಸಂಖ್ಯೆ ಹೆಚ್ಚಿಸಿ ಎಂಬ ಬೇಡಿಕೆಯೊಂದನ್ನೇ ಇಡಬೇಡಿ. ಓಣಿಯ ದೀಪ ಯಾಕೆ ಆರಿದೆ, ಶಾಲೆ ಬಿಟ್ಟ ಮಕ್ಕಳ ಲೆಕ್ಕ ಯಾರ ಬಳಿ ಇದೆ, ಹೊಡೆತ ತಿಂದು ಬಂದವರ ವಿವರ ಆಸ್ಪತ್ರೆಯಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಆ ಸಭೆಗೆ ಇದುವರೆಗೆ ಬಾರದ ಅಧಿಕಾರಿಯನ್ನೂ, ಇದುವರೆಗೆ ಕರೆಯದ ನೆರೆಯವರನ್ನೂ ಕರೆಸುವಂತೆ ಒತ್ತಾಯಿಸಿ.